ಬಿಳಿ ಪ್ಯಾಂಟಿನ ಪರವಾಗಿ

ಹೋಳಿ ಮುಗಿದ ಮೇಲೆ ಬೆನ್ನಚೀಲ ಕಟ್ಟುತ್ತಿದ್ದೆ. ಹುಬ್ಬಳ್ಳಿಯಿಂದ ಬಂದಿದ್ದ ಗೆಳೆಯ ನನ್ನ ಬಿಳಿ ಪ್ಯಾಂಟು ನೋಡಿ, ‘ಅಡವಿಗೆ ಹೊಂಟೀಯೋ, ಬೀಗರ ಮನೀಗೆ ಹೊಂಟೀಯೋ?’ ಅಂದ. ಅವನದು ಎಲೆ, ಮಣ್ಣು, ನೆರಳು ಎಲ್ಲವನ್ನೂ ಅಚ್ಚುಹಾಕಿದ ಮಿಲಿಟರಿ ಮಾದರಿ. ಮೊಣಕಾಲಿಗೂ ಕಿಸೆ!

ಕುಂದಗೋಳದವನಿಗೆ ಅಡವಿಯ ಹುಚ್ಚು ಯಾಕೆ ಹಿಡಿಯಿತು ಎಂದು ಕೇಳಬಾರದು. ನಮ್ಮದು ಎರೆ ಸೀಮೆ. ಹತ್ತಿ ಬಿಡಿಸಿ, ಕಡಲೆ ಒಕ್ಕಿ ಮುಗಿದರೆ ಬೇವಿನ ಮರದ ಹೊರತು ನೆರಳಿಲ್ಲ. ಹುಬ್ಬಳ್ಳಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿದರೆ ಸಾಕು, ಕಲಘಟಗಿ ದಾಟಿದ ಮೇಲೆ ಸಾಗವಾನಿ ಶುರುವಾಗುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ನೀರು ಹೊತ್ತು ಒಬ್ಬನೇ ಇಳಿದು ಅಡವಿಯಂಚಿನ ಬಂಡಿದಾರಿ ಹಿಡಿಯುವುದು. ಮುತ್ತುಗ ಕೆಂಪಗೆ ಹೂಬಿಟ್ಟಿರುತ್ತದೆ, ಒಣಗಿದ ತೇಗದೆಲೆ ಕಾಲಡಿ ಚರಚರ ಅನ್ನುತ್ತದೆ. ರಾತ್ರಿ ಅಡವಿಯೊಳಗೆ ಮಲಗುವ ಶೌರ್ಯ ನನಗೆ ಬೇಡ. ಪರಿಚಯದವರ ಪಡಸಾಲೆ ಇದೆ.

ಈ ಕಾಲವೇ ಉಣ್ಣಿಗೂ ಸುಗ್ಗಿ. ಗಸಗಸೆಯಷ್ಟಿರುವ ಮರಿ ಉಣ್ಣಿ ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಹುಲ್ಲಿನ ತುದಿ ಹತ್ತಿ, ಮುಂಗಾಲು ಚಾಚಿ, ನಮ್ಮ ಉಸಿರು, ಮೈಬಿಸಿ ಹತ್ತಿರ ಬರುವುದನ್ನೇ ಕಾಯುತ್ತದೆ. ತಗುಲಿಕೊಂಡ ಮೇಲೂ ಅದಕ್ಕೆ ಅವಸರವಿಲ್ಲ. ಮೆತ್ತನೆ ಜಾಗ ಹುಡುಕುತ್ತ ಮೇಲೇರುತ್ತದೆ. ಅಷ್ಟರಲ್ಲಿ ಅದನ್ನು ಕಂಡುಹಿಡಿಯಬೇಕು. ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆಯೊಂದು ನಡೆಯತೊಡಗಿದರೆ ಕಣ್ಣಿಗೆ ಬೀಳದೆ ಇರದು. ಗೆಳೆಯನ ಮಿಲಿಟರಿ ಪ್ಯಾಂಟಿನ ಮೇಲೆ ಉಣ್ಣಿಯ ಸಂಸಾರವೇ ಬಿಡಾರ ಹೂಡಿದರೂ ತಿಳಿಯುವುದಿಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಬೇಕು. ಅಂದ ಕೆಡುತ್ತದೆ, ಕೆಡಲಿ. ಕತ್ತಿನ ಹಿಂಭಾಗ ನೋಡಲು ಜೊತೆಗೆ ಯಾರೂ ಇಲ್ಲದ್ದರಿಂದ ಗಡ್ಡ ಕೆರೆಯುವ ಎರಡು ಸಣ್ಣ ಕನ್ನಡಿ ಒಯ್ಯುತ್ತೇನೆ. ಒಂಟಿ ತಿರುಗಾಟದಲ್ಲಿ ಹೆಂಡತಿಯ ನೆನಪಾಗುವುದು ಆಗ ಮಾತ್ರ ಎಂದು ಮನೆಯಲ್ಲಿ ಹೇಳಿಲ್ಲ.

ಇನ್ನು ಬೀಡಿ ಬೆಂಕಿ ಪಂಗಡದವರು. ಕಚ್ಚಿದ ಉಣ್ಣಿಗೆ ಬೆಂಕಿ ತಾಗಿಸು, ಸೀಮೆಎಣ್ಣೆ ಹಚ್ಚು, ತಾನೇ ಬಿಡುತ್ತದೆ ಅನ್ನುತ್ತಾರೆ. ಬಿಡುವ ಮೊದಲು ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕಬಹುದು, ಅದು ಇವರಿಗೆ ಬೇಕಿಲ್ಲ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ಮೆಲ್ಲಗೆ ನೇರವಾಗಿ ಎಳೆಯಿರಿ, ಅಷ್ಟೇ. ಉಗುರಿನಲ್ಲಿ ಕುಕ್ಕಿ, ಅದೇ ಕೈಯಲ್ಲಿ ರೊಟ್ಟಿ ಮುರಿಯುವ ಶೂರರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಯಾಕೆಂದರೆ ಇದು ಬರೀ ತುರಿಕೆಯ ಮಾತಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಜನ ಜ್ವರ ಹಿಡಿದು ಮಲಗಿದರು. ವೈರಸ್ಸು ರಷ್ಯಾದ ವಸಂತ-ಬೇಸಿಗೆಯ ಮಿದುಳು ಜ್ವರದ ನೆಂಟ ಎಂದು ತಿಳಿದಾಗ ಅನುಮಾನ ಹೋದದ್ದು ವಲಸೆ ಹಕ್ಕಿಗಳ ಮೇಲೆ. ಸೈಬೀರಿಯಾದಿಂದ ಇವೇ ಉಣ್ಣಿ ಹೊತ್ತು ತಂದವೋ? ಅದನ್ನು ಪತ್ತೆ ಹಚ್ಚಲು ಪಕ್ಷಿತಜ್ಞ ಸಲೀಂ ಅಲಿಯವರ ಬಳಗಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ಸಿಕ್ಕಿತು, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ಶುರುವಾಯಿತು. ಆರೋಪ ಸಾಬೀತಾಗಲಿಲ್ಲ. ಹಕ್ಕಿಗಳು ಎಲ್ಲಿಂದೆಲ್ಲಿಗೆ ಹಾರುತ್ತವೆ ಎಂಬ ಲೆಕ್ಕ ಮಾತ್ರ ನಮಗೆ ಲಾಭವಾಗಿ ಸಿಕ್ಕಿತು. ನಮ್ಮೂರಿಗೆ ಹತ್ತಿರದ ಲಕ್ಷ್ಮೇಶ್ವರದಾಚೆ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಇಳಿಯುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡುವಾಗ, ‘ನಿಮ್ಮ ಜಾತಿ ಮ್ಯಾಲೂ ಕೇಸು ಬಿದ್ದಿತ್ರೆಪಾ’ ಅನ್ನಬೇಕೆನಿಸುತ್ತದೆ.

ಉಣ್ಣಿ ಹರಡುವ ಈ ಮಂಗನ ಕಾಯಿಲೆಗೆ ಇವತ್ತಿಗೂ ಅದಕ್ಕೆಂದೇ ಇರುವ ಔಷಧವಿಲ್ಲ. ‘ಅದು ಮಲೆನಾಡಿನವರ ರೋಗ ಬಿಡ್ರಿ’ ಎನ್ನುವ ನಮ್ಮ ಕಡೆಯ ಜಾಣರಿಗೆ ಏನು ಹೇಳುವುದು? ನಾನು ಸುಖಕ್ಕೆ ಹೋಗುವವನು, ಪ್ಯಾಂಟಿನ ಬಣ್ಣ ಆರಿಸುವ ಪುರಸತ್ತು ನನಗಿದೆ. ದನ ಮೇಯಿಸಲು, ಗೊಬ್ಬರಕ್ಕೆ ದರಕು ಗುಡಿಸಲು ಕಾಡು ಹೊಗುವ ಹೆಣ್ಣುಮಕ್ಕಳಿಗೆ ಆ ಪುರಸತ್ತಿಲ್ಲ. ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲ ಕೈಕಾಲಿಗೆ ಹಚ್ಚಿಕೊಂಡೇ ಅವರು ದಿನಾ ಹೋಗಬೇಕು.

ಹೋಗುವವರು ಹೋಗಿಬನ್ನಿ. ಬಿಳಿ ಪ್ಯಾಂಟು ನೋಡಿ ನಕ್ಕವರಿಗೆ ಜವಾಬು ಕೊಡಬೇಡಿ. ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಮಾತ್ರ ಡಾಕ್ಟರ ಮುಂದೆ ಕುಳಿತ ತಕ್ಷಣ ಕಾಡಿಗೆ ಹೋಗಿ ಬಂದದ್ದನ್ನು ಮೊದಲು ಹೇಳಿರಿ.