ಗುಡ್ಡವಿಲ್ಲದವರ ಕೋಟೆ

ನಮ್ಮ ಊರ್ಡಿಗೆರೆಯವರಿಗೆ ಕೋಟೆಯೆಂದರೆ ಕತ್ತೆತ್ತಿ ನೋಡುವಂಥದ್ದು. ಪಕ್ಕದಲ್ಲೇ ದೇವರಾಯನದುರ್ಗ. ಜಡಕನೆಂಬ ಪಾಳೆಯಗಾರನ ಕಾಲಕ್ಕೆ ಜಡಕನದುರ್ಗ ಎನಿಸಿಕೊಂಡಿದ್ದ ಈ ಬೆಟ್ಟ, 17ನೇ ಶತಮಾನದ ಕೊನೆಗೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಸೇರಿ ಅವರ ಹೆಸರನ್ನೇ ಹೊತ್ತಿತು. ಬಂಡೆಯೇ ಕಾವಲಿದ್ದಾಗ ಕಂದಕ ತೋಡುವ ಕಷ್ಟ ಯಾರಿಗೆ ಬೇಕು?

ಬಂಡೆಯಿಲ್ಲದವರು ಏನು ಮಾಡಿದರು ಎಂದು ನೋಡಲು ಶಿರಾ ಬಸ್ಸು ಹತ್ತಿದೆ. ತುಮಕೂರು, ಸೀಬಿ, ಕಳ್ಳಂಬೆಳ್ಳ ದಾಟುವಷ್ಟರಲ್ಲಿ ಬೆಟ್ಟಗಳು ಹಿಂದೆ ಸರಿದು ಬಯಲು ಬಿಚ್ಚಿಕೊಂಡಿತು.

ಶಿರಾದ ಕೋಟೆಗೆ ಕೈಹಾಕಿದವನು ರತ್ನಗಿರಿಯ ರಂಗಪ್ಪ ನಾಯಕ. ಅದು ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಊರನ್ನು ಗೆದ್ದ. ಉಳಿದ ಕೆಲಸವನ್ನು ಗೆದ್ದವರೇ ಮುಗಿಸಿ, ಪೇಟೆಯ ಸುತ್ತಲೂ ಮಣ್ಣಿನ ಗೋಡೆ ಎಬ್ಬಿಸಿದರು. 1687ರಿಂದ ಇದು ಮೊಗಲರ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ. ಇಲ್ಲಿನ ಮೊಗಲ್ ಸುಬೇದಾರ ದಿಲಾವರ್ ಖಾನನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳು ಎದ್ದವೆಂದು ರೈಸ್‌ನ ಮೈಸೂರು ಗೆಜೆಟಿಯರ್ ಹೇಳುತ್ತದೆ. ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ ಸಾಗಿಸಿದನೆಂದೂ ಅದೇ ಗೆಜೆಟಿಯರ್ ಬರೆದಿದೆ. ಅಷ್ಟು ಮಂದಿ ಎದ್ದುಹೋದ ಮೇಲೆ ಊರಿನಲ್ಲಿ ಉಳಿದದ್ದೇನು!

ಕೋಟೆಯ ಸುತ್ತಲ ಕಂದಕ ಮಾತ್ರ ಎಲ್ಲಿಗೂ ಹೋಗಲಿಲ್ಲ. ಗೋಡೆಯ ಕಲ್ಲನ್ನು ಗಾಡಿಗೆ ಹೇರಬಹುದು, ಹಳ್ಳವನ್ನು ಹೇರುವುದು ಹೇಗೆ? ಹಳಗನ್ನಡದಲ್ಲಿ ಇದಕ್ಕೆ ಅಗಳ್ ಎಂಬ ಹೆಸರಿದೆ, ಅಗೆದದ್ದರಿಂದ ಅಗಳ್. ದಂಡೆಯಲ್ಲಿ ಕೂತಿದ್ದ ಹಿರಿಯರ ಮುಂದೆ ಈ ಪಾಂಡಿತ್ಯ ಬಿಚ್ಚಿದೆ. "ಕ್ವಾಟೆ ಹಳ್ಳ ಕಣಪ್ಪ ಇದು," ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಇಂಥ ಹಳ್ಳಕ್ಕೂ ಬೆಲೆ ಕೊಡುವ ನಾಡುಂಟು. ಇಂಗ್ಲೆಂಡಿನಲ್ಲಿ ಸುತ್ತ ಕಂದಕ ತೋಡಿಕೊಂಡ ಜಮೀನ್ದಾರಿ ಮನೆಗಳ ನಿವೇಶನಗಳು ಸುಮಾರು 6,000 ಇವೆ. ಹೆಚ್ಚಿನವು 1250ರಿಂದ 1350ರ ನಡುವಿನವು, ಶತ್ರುವಿನ ಭಯಕ್ಕಿಂತ ಅಂತಸ್ತಿನ ಗೀಳಿಗೆ ತೋಡಿದವು. ಎಷ್ಟೋ ಕಡೆ ಮನೆಯ ಒಂದು ಕಲ್ಲೂ ಕಾಣುವುದಿಲ್ಲ. ಆದರೂ ಬರೀ ಹಳ್ಳ, ದಿಬ್ಬಗಳನ್ನೇ ಸ್ಮಾರಕವೆಂದು ಕಾನೂನು ಕಾಯುತ್ತದೆ. ಇತ್ತ ಶಿರಾದಲ್ಲಿ ಬಿಜಾಪುರದ ಸುಬೇದಾರ ಮಲಿಕ್ ರಿಹಾನನ 1651ರ ಗೋರಿಗೂ 1696ರ ಜುಮ್ಮಾ ಮಸೀದಿಗೂ ಕೇಂದ್ರ ಪುರಾತತ್ವ ಇಲಾಖೆಯ ಕಾವಲಿದೆ. ನಮ್ಮ ಕಣ್ಣಿಗೂ ಗುಂಬಜ್ ಬಿದ್ದರಷ್ಟೇ ಇತಿಹಾಸ. ಹಳ್ಳ ಕಂಡರೆ ಕೈಯಲ್ಲಿರುವ ಕಸ ನೆನಪಾಗುತ್ತದೆ.

"ನಿಮ್ ದುರ್ಗಕ್ಕೆ ಹಳ್ಳ ಇಲ್ವೇನಪ್ಪ? ಮತ್ತೆ ನೀರು?" ನನ್ನ ಊರು ತಿಳಿದ ಮೇಲೆ ಹಿರಿಯರು ಕೇಳಿದರು.

"ಜಯಮಂಗಲಿ, ಶಿಂಷಾ ಎರಡೂ ಅಲ್ಲೇ ಹುಟ್ಟೋದು ತಾತ."

ಅವರು ಒಮ್ಮೆ ನನ್ನನ್ನು, ಒಮ್ಮೆ ಹಸಿರುಗಟ್ಟಿದ ಕಂದಕದ ನೀರನ್ನು ನೋಡಿದರು. ನಂಬಿದಂತೆ ಕಾಣಲಿಲ್ಲ.