ತಲೆನೋವಿನ ಗುಳಿಗೆಯ ಹೆಸರೇನು?

ಹತ್ತಿ ಬಿಡಿಸುವ ದಿನಗಳಲ್ಲಿ ಆದೋನಿ, ಕೌತಾಳಂ, ಹೊಳಗುಂದದ ಕಡೆ ಕೂಲಿಗೆ ಹೋದ ಹೆಣ್ಣುಮಕ್ಕಳು ಮನೆ ಸೇರುವಾಗ ಹೊತ್ತು ಮುಳುಗಿರುತ್ತದೆ. ಬಿಸಿಲು, ಅರೆಹೊಟ್ಟೆ, ಸಾಕಷ್ಟು ನೀರು ಕುಡಿಯದಿರುವುದು, ಈ ಮೂರೂ ಕೂಡಿದರೆ ತಲೆ ಸಿಡಿಯದೆ ಇರದು. ಆಗ ಮನೆಯ ಹುಡುಗನನ್ನು ಕಿರಾಣಿ ಅಂಗಡಿಗೆ ಅಟ್ಟಿ ಒಂದು ಗುಳಿಗೆ ತರಿಸಿ, ಬಿಸಿ ಚಹಾದೊಡನೆ ನುಂಗುವುದು ನಮ್ಮಲ್ಲಿ ಬಹುಕಾಲದ ರೂಢಿ. ಕತ್ತರಿಸಿ ಕೊಟ್ಟ ತುಣುಕಿನ ಮೇಲೆ ಅನೇಕ ವೇಳೆ ಹೆಸರೂ ಇರದು, ತಾರೀಖೂ ಇರದು. ಏನಿದು ಎಂದು ಕೇಳಿದರೆ "ತಲೆನೋವಿನ ಗುಳಿಗೆ" ಎಂಬುದೊಂದೇ ಉತ್ತರ. ರೋಗದ ಹೆಸರೇ ಔಷಧದ ಹೆಸರಾಗುವುದು ಅಪಾಯಕ್ಕೆ ಮೊದಲ ಮೆಟ್ಟಿಲು.

ಇಂತಹ ಗುಳಿಗೆಗಳೆಲ್ಲ ಒಂದೇ ಅಲ್ಲ. ಕೆಲವುಗಳಲ್ಲಿ ಆಸ್ಪಿರಿನ್ನಿನೊಡನೆ ಕೆಫೀನ್ ಕೂಡಿರುತ್ತದೆ; ಕೆಲವುಗಳಲ್ಲಿ ಆಸ್ಪಿರಿನ್ನಿನ ಬದಲು ಪ್ಯಾರಾಸಿಟಮಾಲ್ ಇರುತ್ತದೆ. ಆಸ್ಪಿರಿನ್ ನೋವನ್ನು ಹೇಗೆ ತಣಿಸುತ್ತದೆಂಬುದನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ನೋವು, ಜ್ವರಗಳನ್ನು ಹೆಚ್ಚಿಸುವ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳು ದೇಹದಲ್ಲಿ ಹುಟ್ಟದಂತೆ ಅದು ತಡೆಯುತ್ತದೆ. ಆದರೆ ಜಠರದ ಒಳಪೊರೆಯನ್ನು ಕಾಯುವುದೂ ಅವೇ ದ್ರವ್ಯಗಳು. ಆದುದರಿಂದಲೇ ಪದೇ ಪದೇ ನುಂಗಿದವರಿಗೆ ಹೊಟ್ಟೆಯುರಿ, ಹುಣ್ಣು, ಕೆಲವೊಮ್ಮೆ ರಕ್ತಸ್ರಾವ. ಬರಿಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು. ಹುಣ್ಣು, ಉಬ್ಬಸ ಉಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಆಸ್ಪಿರಿನ್ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಈ ಪ್ರಭಾವ ಸುಮಾರು ಒಂದು ವಾರ ಉಳಿಯುತ್ತದೆ. ಹೃದ್ರೋಗಿಗಳಿಗೆ ವೈದ್ಯರು 75 ಮಿಲಿಗ್ರಾಮಿನ ಗುಳಿಗೆ ಬರೆದುಕೊಡುವುದು ಈ ಗುಣಕ್ಕಾಗಿಯೇ. ಅದನ್ನು ಅವರು ತಾವಾಗಿ ನಿಲ್ಲಿಸಬಾರದು. ಅದೇ ಗುಣ ಡೆಂಗ್ಯೂ ಜ್ವರದಲ್ಲಿ ಶತ್ರು. ಮಳೆಗಾಲದ ಜ್ವರ ಯಾವುದೆಂದು ತಿಳಿಯುವ ಮೊದಲೇ ಆಸ್ಪಿರಿನ್ ಕೊಟ್ಟರೆ ರಕ್ತಸ್ರಾವದ ಭಯ ಹೆಚ್ಚುತ್ತದೆ. ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಫ್ಲೂ ಜ್ವರದಲ್ಲಾಗಲಿ, ನಾವು ಅಮ್ಮ ಎನ್ನುವ ಸೀತಾಳೆ ಸಿಡುಬಿನಲ್ಲಾಗಲಿ ಆಸ್ಪಿರಿನ್ ಕೊಟ್ಟರೆ, ಮಿದುಳು ಮತ್ತು ಯಕೃತ್ತಿಗೆ ಪೆಟ್ಟುಕೊಡುವ ರೇ ಸಿಂಡ್ರೋಮ್ ಎಂಬ ವಿರಳವಾದರೂ ಮಾರಕವಾದ ವಿಕಾರ ತಲೆದೋರಬಹುದು.

ಇನ್ನು ಕೆಫೀನ್. ಅದು ನೋವುನಿವಾರಕದ ಬಲವನ್ನು ತುಸು ಹೆಚ್ಚಿಸುತ್ತದೆ, ನಿಜ. ಆದರೆ ಚಹಾ, ಕಾಫಿಗಳಲ್ಲಿರುವುದೂ ಅದೇ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಮು, ಗರ್ಭಿಣಿಯರಿಗೆ 200 ಮಿಲಿಗ್ರಾಮು ಮಿತಿಯೆಂದು ತಜ್ಞರ ಮತ. ಗುಳಿಗೆಯದನ್ನೂ ಲೋಟದ್ದನ್ನೂ ಕೂಡಿಸಿಯೇ ಎಣಿಸಬೇಕು. ರಾತ್ರಿ ನುಂಗಿದರೆ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟ ತಲೆ ಬೆಳಿಗ್ಗೆ ಮತ್ತೆ ನೋಯುತ್ತದೆ. ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು ಇಂತಹ ಮಿಶ್ರ ಗುಳಿಗೆಯನ್ನು ಹಲವು ತಿಂಗಳು ನುಂಗುತ್ತ ಹೋದರೆ ಗುಳಿಗೆಯೇ ತಲೆನೋವಿಗೆ ಕಾರಣವಾಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮವರಿಗೆ ಇಲ್ಲೊಂದು ವಿಶೇಷ ತೊಡಕುಂಟು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಂದಿನಿಂದ ಮನೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ತೆಲುಗು, ಔಷಧದ ಹಾಳೆಯ ಮೇಲೆ ಇಂಗ್ಲಿಷು. ಅಜ್ಜಿಗೆ ಹೊಟ್ಟೆಹುಣ್ಣಿದೆಯೆಂಬ ಮಾತು ಕನ್ನಡದಲ್ಲಿಯೇ ಉಳಿದು, ವೈದ್ಯರ ಕಿವಿಗೆ ಮುಟ್ಟದೆ ಹೋಗುವುದುಂಟು. ಈ ಮೂರು ಭಾಷೆಗಳ ನಡುವೆ ಸೇತುವೆಯಾಗಬಲ್ಲವರು ಶಾಲೆಗೆ ಹೋಗುವ ಮಕ್ಕಳೇ. ಆದಕಾರಣ ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ಖಾಲಿ ಔಷಧದ ಹಾಳೆಗಳನ್ನು ಕೊಟ್ಟು ಓದಿಸುತ್ತೇವೆ. ಒಳಗಿರುವ ದ್ರವ್ಯ ಯಾವುದು, ಎಷ್ಟು ಮಿಲಿಗ್ರಾಮು, ಅವಧಿ ಎಂದಿಗೆ ಮುಗಿಯುವುದು, ಇವಿಷ್ಟೇ ಪಾಠ. ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವೆಂದು ಅಚ್ಚಾಗಿದ್ದರೆ ಅದೂ ಆಸ್ಪಿರಿನ್ನೇ ಎಂದು ಹೇಳಿಕೊಡುತ್ತೇವೆ.

ಗೃಹಿಣಿಯರಲ್ಲಿ ನನ್ನ ಬಿನ್ನಹವಿಷ್ಟೆ. ತಲೆನೋವು ಬಂದಾಗ ಮೊದಲು ನೀರು, ಊಟ, ನೆರಳಿನಲ್ಲಿ ವಿಶ್ರಾಂತಿ. ಅದಕ್ಕೂ ಬಗ್ಗದಿದ್ದರೆ ಹೆಸರು ಓದಿ ತಿಳಿದ ಗುಳಿಗೆ. ಹಠಾತ್ತನೆ ಬಂದ ಅತಿ ತೀವ್ರ ನೋವಿಗೆ, ಜ್ವರದೊಡನೆ ಕತ್ತು ಬಿಗಿದರೆ, ಕೈಕಾಲು ಸೋತರೆ ಗುಳಿಗೆಯ ಮಾತೇ ಬೇಡ; ಕೂಡಲೆ ಆಸ್ಪತ್ರೆಗೆ ಹೋಗತಕ್ಕದ್ದು. ಹೆಸರಿಲ್ಲದ ತುಣುಕನ್ನು ಮಾತ್ರ ಮಗುವಿನ ಕೈಯಲ್ಲೇ ಅಂಗಡಿಗೆ ಹಿಂದಕ್ಕೆ ಕಳುಹಿಸಿರಿ.