ಅವ್ಯಯಪ್ರಸಂಗ

ನಮ್ಮ ವಸತಿಸಮುಚ್ಚಯದ ಲಿಫ್ಟಿನ ಗೋಡೆಗೆ ಈ ದಿನ ಬೆಳಿಗ್ಗೆ ಹೊಸ ಪ್ರಕಟಣೆಯೊಂದನ್ನು ಅಂಟಿಸಿದ್ದರು. ಮೇಲೆ ಇಂಗ್ಲಿಷಿನಲ್ಲಿ ‘ರೆಸಿಡೆಂಟ್ಸ್ ಶುಡ್ ಓನ್ಲಿ ಯೂಸ್ ದಿಸ್ ಲಿಫ್ಟ್’ ಎಂದೂ, ಅದರ ಕೆಳಗೆ, ಬೆಳ್ಳಂದೂರಿನಲ್ಲಿಯೂ ಕನ್ನಡವೆಂಬುದೊಂದು ಉಂಟೆಂಬ ಕನಿಕರದಿಂದಲೋ ಕಾನೂನಿನ ಭಯದಿಂದಲೋ, ‘ನಿವಾಸಿಗಳು ಈ ಲಿಫ್ಟನ್ನು ಮಾತ್ರ ಬಳಸತಕ್ಕದ್ದು’ ಎಂದೂ ಇತ್ತು. ಬರೆದವರ ಅಭಿಪ್ರಾಯವೇನೋ, ಹೊರಗಿನಿಂದ ಸಾಮಾನು ತಂದುಕೊಡುವ ಹುಡುಗರು ಬೇರೆ ಲಿಫ್ಟಿನಲ್ಲಿ ಹೋಗಲಿ ಎಂಬುದು. ಆ ಅಭಿಪ್ರಾಯದ ಔದಾರ್ಯದ ವಿಚಾರ ಇಲ್ಲಿ ಬೇಡ. ಬರೆದ ವಾಕ್ಯದ ಅರ್ಥವಾದರೋ, ನಿವಾಸಿಗಳಾದ ನಾವು ಇನ್ನು ಮುಂದೆ ಮೆಟ್ಟಿಲು ತುಳಿಯಕೂಡದು ಎಂಬುದು. ನನ್ನೊಡನೆ ಇಳಿಯುತ್ತಿದ್ದ ಕಾವಲುಗಾರ, ಕೋಲಾರದ ಕಡೆಯವನು, ಅದನ್ನು ನಿಧಾನವಾಗಿ ಓದಿ, “ಅಂಗಾದ್ರೆ ಕರೆಂಟ್ ಹೋದ್ರೆ ನೀವು ಮನೇಲೇ ಇರ್ಬೇಕಾ ಸಾರ್?” ಎಂದ. ವಾಕ್ಯವನ್ನು ಅದು ಹೇಳಿದಷ್ಟೇ ಅರ್ಥಕ್ಕೆ ಹಿಡಿದು ನಿಲ್ಲಿಸುವ ಓದುಗರು ಈಗ ದುರ್ಲಭ.

ತೊಡಕೆಲ್ಲ ‘ಓನ್ಲಿ’ ಎಂಬ ಕ್ರಿಯಾವಿಶೇಷಣ ತಪ್ಪಿದ ಜಾಗದಲ್ಲಿ ಕುಳಿತದ್ದರಿಂದ. ಕ್ರಿಯಾವಿಶೇಷಣವೆಂದರೇನು ಎಂಬುದನ್ನು ಇಲ್ಲಿ ವಿವರಿಸಲು ಹೊರಡುವುದಿಲ್ಲ. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಕಂಕುಳಲ್ಲಿ ಇರುಕಿಕೊಂಡು ತರಗತಿಗೆ ಬರುತ್ತಿದ್ದ ನಮ್ಮ ಹೈಸ್ಕೂಲಿನ ಮೇಷ್ಟರು ಅದನ್ನು ನಮಗೆ ಆಗಲೇ ಹೇಳಿ ಮುಗಿಸಿದ್ದಾರೆ: ಕ್ರಿಯಾಪದವನ್ನು ಎದುರಿಗೆ ನಿಲ್ಲಿಸಿ, ಹೇಗೆ, ಎಲ್ಲಿ, ಯಾವಾಗ, ಎಷ್ಟು ಎಂದು ಕೇಳಿರಿ, ಉತ್ತರವಾಗಿ ಬಂದದ್ದೇ ಅದು. ಬಾಲದಲ್ಲಿ ‘ಲಿ’ ಇದ್ದರೆ ಗುರುತು ಸುಲಭ. ಈ ಬಾಲ ಹಿಂದೆ ಬಾಲವಾಗಿರಲಿಲ್ಲವಂತೆ. ಪ್ರಾಚೀನ ಇಂಗ್ಲಿಷಿನಲ್ಲಿ ಶರೀರ, ಆಕಾರ ಎಂಬ ಅರ್ಥವಿದ್ದ ಪೂರ್ಣ ಶಬ್ದವೊಂದು ಸವೆದು ಸವೆದು ಇಷ್ಟಾಯಿತೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ಈ ಬಾಲದ ಗುರುತನ್ನು ನೆಚ್ಚುವಂತಿಲ್ಲ. ‘ಹಿ ವರ್ಕ್ಸ್ ಹಾರ್ಡ್’ ಎಂದರೆ ಮೈಮುರಿದು ದುಡಿಯುತ್ತಾನೆಂದೂ, ‘ಹಿ ಹಾರ್ಡ್ಲಿ ವರ್ಕ್ಸ್’ ಎಂದರೆ ದುಡಿಯುವುದೇ ಇಲ್ಲವೆನ್ನಬಹುದೆಂದೂ ತಿಳಿದ ದಿನ ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಆ ಭಾಷೆಯ ವಿಷಯದಲ್ಲಿ ಮೊದಲ ಸಲ ಪ್ರೀತಿ ಹುಟ್ಟಿತು.

ಲಿಫ್ಟಿನ ಗೋಡೆಯ ಮೇಲೆ ಪ್ರಮಾದವೆಸಗಿದ ‘ಓನ್ಲಿ’ ಎಂಬ ಶಬ್ದವಂತೂ ಇಂಗ್ಲಿಷಿನ ಪರಮ ಅಲೆಮಾರಿ. ವಾಕ್ಯದ ಆದಿಯಲ್ಲಿ, ಮಧ್ಯದಲ್ಲಿ, ಅಂತ್ಯದಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಕುಳಿತು, ತಾನು ಯಾವ ಪದವನ್ನು ಕುರಿತು ಬಂದಿದ್ದೇನೆಂಬುದನ್ನು ಕೇಳುವವರ ಊಹೆಗೆ ಬಿಟ್ಟುಬಿಡುತ್ತದೆ. ಅದನ್ನು ತಕ್ಕ ಪದದ ಪಕ್ಕದಲ್ಲಿಯೇ ಕೂರಿಸಬೇಕೆಂದು ಹಟಹಿಡಿಯುವವರನ್ನು ಹೆನ್ರಿ ಫೌಲರ್ ಮಹಾಶಯನು 1926ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ಪ್ರಯೋಗಕೋಶದಲ್ಲಿ ಶುಷ್ಕಪಂಡಿತರೆಂದು ಹಾಸ್ಯಮಾಡಿ, ಅರ್ಥಕ್ಕೆ ತೊಡಕಾಗದಿದ್ದರೆ ಅದು ರೂಢಿ ಬಂದಲ್ಲಿ ಇರಲಿ ಎಂದು ಅಭಯಕೊಟ್ಟ. ಆಡುವ ಇಂಗ್ಲಿಷಿಗೆ ಅದು ನ್ಯಾಯವೇ. ಅಲ್ಲಿ ದನಿಯ ಏರಿಳಿತ ಸಂದೇಹವನ್ನು ಪರಿಹರಿಸುತ್ತದೆ. ಗೋಡೆಗೆ ಅಂಟಿಸಿದ ಕಾಗದಕ್ಕೆ ದನಿಯೆಲ್ಲಿಂದ ಬಂತು? ನಮ್ಮ ‘ಮಾತ್ರ’ವಾದರೋ ತಾನು ನಿರ್ಬಂಧಿಸುವ ಪದದ ಬೆನ್ನಿಗೇ ಅಂಟಿ ನಡೆಯುವುದು, ‘ನಿವಾಸಿಗಳು ಮಾತ್ರ’ ಎಂದರೆ ಒಂದು, ‘ಲಿಫ್ಟನ್ನು ಮಾತ್ರ’ ಎಂದರೆ ಇನ್ನೊಂದು. ‘ಏ’ಕಾರದ ನಿಷ್ಠೆಯೋ ಅದಕ್ಕೂ ಮಿಗಿಲಾದದ್ದು, ಅದು ಪದದ ಪಕ್ಕದಲ್ಲಿ ನಿಲ್ಲುವುದಿಲ್ಲ, ಒಳಕ್ಕೇ ಹೊಕ್ಕುಬಿಡುತ್ತದೆ. ಹೊರವರ್ತುಲ ರಸ್ತೆಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತ ನಮ್ಮ ತರುಣರು ಫೋನಿನಲ್ಲಿ ‘ಐ ಯಾಮ್ ಇನ್ ಬೆಳ್ಳಂದೂರ್ ಓನ್ಲಿ’ ಎನ್ನುವಾಗ ಇಂಗ್ಲಿಷ್ ಪಂಡಿತರು ಕಿವಿ ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಅದು ‘ಬೆಳ್ಳಂದೂರಲ್ಲೇ ಇದೀನಿ’ ಎಂಬುದರ ‘ಏ’ಕಾರವೇ ಪರದೇಶದ ಉಡುಪು ತೊಟ್ಟು ಬಂದಂತೆ ಕೇಳಿಸಿ ಸಂತೋಷವಾಗುತ್ತದೆ. ಹಿಂದಿಯವರ ‘ಹೀ’, ತಮಿಳರ ‘ತಾನ್’ ಇವುಗಳಿಗೂ ಆ ಉಡುಪಿನಲ್ಲಿ ಪಾಲುಂಟೆಂಬುದನ್ನು ಅಲ್ಲಗಳೆಯಲಾರೆ.

ಪದಗಳ ಸಾಲಿನಲ್ಲಿಯೂ ಎರಡು ಭಾಷೆಗಳು ಕನ್ನಡಿಯೊಳಗೆ ಮುಖಾಮುಖಿಯಾಗುತ್ತವೆ. ಇಂಗ್ಲಿಷಿನವನು ಸಾಮಾನ್ಯವಾಗಿ ಹಾಡಿದಳು, ಚೆನ್ನಾಗಿ, ಸಭೆಯಲ್ಲಿ, ನಿನ್ನೆ ಎಂದು ಮುಂದುವರಿದರೆ, ನಾವು ನಿನ್ನೆ, ಸಭೆಯಲ್ಲಿ, ಚೆನ್ನಾಗಿ, ಹಾಡಿದಳು ಎಂದು ಬಂದು ಸೇರುತ್ತೇವೆ. ಕ್ರಿಯೆಯನ್ನು ಕಟ್ಟಕಡೆಗೆ ಇಡುವ ಜನಕ್ಕೆ ತಾಳ್ಮೆ ಹೆಚ್ಚೆಂದು ವಾದಿಸಬಹುದಾಗಿತ್ತು. ಇಬ್ಲೂರಿನ ಸಿಗ್ನಲ್ಲಿನಲ್ಲಿ ಹಾರ್ನ್ ಒತ್ತುವವರನ್ನು ಕಂಡ ಮೇಲೆ ಆ ವಾದವನ್ನು ಕೈಬಿಟ್ಟಿದ್ದೇನೆ.

ನಮ್ಮ ವ್ಯಾಕರಣದ ಕಡೆಗೆ ತಿರುಗಿದರೆ, ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ರಚಿಸಿದ ‘ಶಬ್ದಮಣಿದರ್ಪಣ’ದ ಎಂಟು ಪ್ರಕರಣಗಳಲ್ಲಿ ಅವ್ಯಯಪ್ರಕರಣ ಕಡೆಯದು. ಲಿಂಗ, ವಿಭಕ್ತಿ, ವಚನ ಯಾವುದು ಬಂದರೂ ವ್ಯಯವಾಗದೆ, ಇದ್ದಂತೆಯೇ ಇರುವುದು ಅವ್ಯಯ. ಅದರೊಳಗೆ ಅನುಕರಣಾವ್ಯಯವೆಂಬ ಒಂದು ಕುಲವುಂಟಷ್ಟೆ. ಕನ್ನಡದ ಕ್ರಿಯಾವಿಶೇಷಣದ ಜೀವವೆಲ್ಲ ಅಲ್ಲಿದೆಯೆಂದು ನನ್ನ ಹಟ, ಮನೆಯವರೆಲ್ಲ ಕೇಳಿ ಬೇಸತ್ತಿರುವ ಹಟ. ಇಂಗ್ಲಿಷಿನವನು ವೇಗವಾಗಿ, ಜೋರಾಗಿ, ಮೃದುವಾಗಿ ಎಂದು ವಿಶೇಷಣಕ್ಕೆ ಬಾಲ ಹಚ್ಚಿ ತೃಪ್ತನಾಗುತ್ತಾನೆ. ನಮ್ಮಲ್ಲಿ ಮಳೆ ಜಿಟಿಜಿಟಿ ಹಿಡಿಯುತ್ತದೆ, ಚಟಪಟ ಬೀಳುತ್ತದೆ, ಧೋ ಎಂದು ಸುರಿಯುತ್ತದೆ. ಮಗು ಕಿಲಕಿಲ ನಗುತ್ತದೆ, ಹುಡುಗಿಯರು ಮುಸಿಮುಸಿ ನಗುತ್ತಾರೆ, ರಕ್ಕಸ ಗಹಗಹಿಸಿ ನಗುತ್ತಾನೆ. ಇದು ಸದ್ದಿನ ಅನುಕರಣವಾಯಿತು, ಸರಿ. ತಿಕ್ಕಿದ ಹಿತ್ತಾಳೆಯ ತಂಬಿಗೆ ಫಳಫಳ ಹೊಳೆಯುವಾಗ ಆ ಫಳಫಳವನ್ನು ಕೇಳಿದವರಾರು? ಪಿಳಿಪಿಳಿ ಕಣ್ಣುಬಿಡುವ ಕೂಸಿನ ರೆಪ್ಪೆಯಿಂದ ಯಾವ ಸದ್ದು ಬಂತು? ಕೆರೆಯಾಚೆಯ ದೀಪ ಮಿಣಮಿಣ ಎಂದದ್ದು ಯಾವ ಕಿವಿಗೆ? ಕಣ್ಣಿನ ಕೆಲಸವನ್ನೂ ಕಿವಿಗೆ ಒಪ್ಪಿಸಿ, ಮೌನಕ್ಕೂ ಒಂದು ದನಿಯನ್ನು ಕಟ್ಟಿಕೊಟ್ಟ ಈ ಅನಾಮಧೇಯ ಕವಿಗಳು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದ ಅಜ್ಜಿಯರಿದ್ದಾರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ನಿಘಂಟಿನಲ್ಲಿ ಕಿಟೆಲ್ ಪಾದ್ರಿಯು ಇಂಥವನ್ನು ಅನುಕರಣ ಶಬ್ದಗಳೆಂದು ತಾಳ್ಮೆಯಿಂದ ಗುರುತುಮಾಡಿ ಸೇರಿಸಿದ್ದನ್ನು ನೋಡುವಾಗಲೆಲ್ಲ ಆ ಜರ್ಮನ್ ಮಹನೀಯನಲ್ಲಿ ನನಗೆ ಭಕ್ತಿ ಉಕ್ಕುತ್ತದೆ. ‘ಥಟ್ಟನೆ’, ‘ಸರ್ರನೆ’, ‘ಗಕ್ಕನೆ’ ಎಂಬವುಗಳ ಕೊನೆಯಲ್ಲಿರುವುದು ‘ಎನ್ನು’ ಎಂಬ ಕ್ರಿಯೆಯ ನೆರಳೇ. ಎಂದಮೇಲೆ ಕನ್ನಡದಲ್ಲಿ ಪ್ರತಿಯೊಂದು ಕೆಲಸವೂ ತಾನು ನಡೆಯುವ ಬಗೆಯನ್ನು ತಾನೇ ಬಾಯಿಬಿಟ್ಟು ನುಡಿಯುತ್ತದೆ. “ಇಬ್ಲೂರು ದಾಟಿಬಿಟ್ರೆ ಸರ್ ಅಂತ ಹೋಗ್ಬಿಡ್ತೀವಿ ಸಾರ್” ಎಂದು ಟ್ಯಾಕ್ಸಿಯ ಚಾಲಕ ಹೇಳಿದಾಗ, ಆ ಭರವಸೆ ಸುಳ್ಳೆಂದು ಬಲ್ಲ ನಾನೂ ಆ ‘ಸರ್’ ಎಂಬುದಕ್ಕೆ ಮಾರುಹೋಗಿ ಒಳಗೆ ಕುಳಿತುಬಿಡುತ್ತೇನೆ.

ಸದ್ದಿಲ್ಲದ ಕ್ರಿಯಾವಿಶೇಷಣವೂ ಕಾವ್ಯವನ್ನು ಹೊರಬಲ್ಲದೆಂಬುದಕ್ಕೆ ರನ್ನನ ಗದಾಯುದ್ಧವಿದೆ. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿ ಬೆವರಿದ. ಬೆವರಿದನೆಂಬುದರಲ್ಲಿ ಏನು ವಿಶೇಷ? ನೀರೊಳಗೆ ಇದ್ದುಕೊಂಡೇ ಬೆವರಿದನೆಂಬುದರಲ್ಲಿ ಎಲ್ಲವೂ ಇದೆ. ಹತ್ತನೆಯ ಶತಮಾನದ ಮುಧೋಳದ ಕವಿಗೆ ಅದು ಅಸಂಭವದ ಸೊಗಸು. ನಮಗಾದರೋ, 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೇ ಬೆಂಕಿ ಹತ್ತಿದ್ದನ್ನೂ, 2017ರ ಫೆಬ್ರವರಿಯಲ್ಲಿ ಕೆರೆಯ ಮೇಲೆ ಹೊಗೆ ಎದ್ದದ್ದನ್ನೂ, ಮರುವರ್ಷ ಜನವರಿಯಲ್ಲಿ ಮತ್ತೆ ಉರಿದದ್ದನ್ನೂ ಕಂಡವರಿಗೆ, ನೀರಿದ್ದೂ ಉರಿಯುವುದು ಪತ್ರಿಕೆಯ ಸಾಧಾರಣ ಸಮಾಚಾರವಾಗಿಬಿಟ್ಟಿದೆ. ಕೊಳಚೆಯೂ ಸಾಬೂನಿನ ಪುಡಿಯೂ ಸೇರಿದ ನೀರು ಕೋಡಿಯಲ್ಲಿ ಧುಮುಕಿದಾಗ ನೊರೆ ಬೆಳ್ಳಗೆ ಏಳುತ್ತದೆ. ಗಾಳಿ ಬಂದರೆ ರಸ್ತೆಗೂ ಹಾರುತ್ತದೆ. ದೂರದಿಂದ ನೋಡಿದ ಹೊಸಬರು ಹಿಮವೆಂದು ಭ್ರಮಿಸಿ ಚಿತ್ರ ತೆಗೆದುಕೊಳ್ಳುವುದೂ ಉಂಟು.

ಈ ನೀರು ಇಲ್ಲಿಂದ ವರ್ತೂರು ಕೆರೆಗೂ, ಅಲ್ಲಿಂದ ದಕ್ಷಿಣ ಪಿನಾಕಿನಿಗೂ ಹರಿದು ತಮಿಳುನಾಡನ್ನು ಸೇರುತ್ತದೆ. ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ನೊರೆ ಎದ್ದಿತೆಂದು ಆಗಾಗ ಓದುತ್ತೇವೆ. ಹೊಸೂರೆಂದರೆ ಗುಲಾಬಿಯ ಸೀಮೆ. ಅಲ್ಲಿನ ರೈತರು ನಸುಕಿನಲ್ಲಿ ಕೊಯ್ದ ಹೂವು ನಮ್ಮ ಮಾರುಕಟ್ಟೆಗೂ ಬರುತ್ತದೆ. ಅವರು ಗುಲಾಬಿಯನ್ನು ಕಳುಹಿಸುವರು, ನಾವು ನೊರೆಯನ್ನು ಕಳುಹಿಸುವೆವು. ಹೂವಿನಂಗಡಿಯವಳೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವಾಗ ಈ ಲೆಕ್ಕ ಯಾರ ನೆನಪಿಗೂ ಬರುವಂತೆ ಕಾಣೆ.